ಎರಡು ಕುಲಕ್ಕೂ ಸೇರದ ಕಣ

ಕಣಗಳ ಕುಲಗಳು ಎರಡೇ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಒಂದೇ ಬಗೆಯ ಎರಡು ಕಣಗಳು ಸ್ಥಾನ ಬದಲಿಸಿಕೊಂಡಾಗ, ನಮ್ಮ ಸತ್ಯೇಂದ್ರನಾಥ ಬೋಸರ ಹೆಸರು ಹೊತ್ತ ಬೋಸಾನುಗಳ ಅಲೆ ಇದ್ದಂತೆಯೇ ಇರುವುದು. ಫರ್ಮಿಯಾನುಗಳ ಅಲೆಯ ಧನಚಿಹ್ನೆ ಋಣವಾಗುವುದು.

1977ರಲ್ಲಿ ನಾರ್ವೆಯ ಲೀನಾಸ್ ಮತ್ತು ಮಿರ್ಹೈಮ್ ಕೇಳಿದರು: ಕಣಗಳು ಹಾಳೆಯಂಥ ಸಮತಲದಲ್ಲಿ ಸೆರೆಯಾದರೆ? ಎರಡು ಸಲ ಬದಲಿಸಿದರೆ ಒಂದು ಕಣ ಇನ್ನೊಂದನ್ನು ಸುತ್ತಿಬಂದಂತೆ. ಆ ದಾರಿಯನ್ನು ದಾರದ ಕುಣಿಕೆಯೆನ್ನಿ. ಮೂರು ಆಯಾಮಗಳಲ್ಲಿ ಅದನ್ನು ಮೇಲೆತ್ತಿ ಬಿಡಿಸಬಹುದು. ಹಾಳೆಯ ಮೇಲೆ ಎತ್ತಲು ಎಡೆಯೆಲ್ಲಿ? ಸುತ್ತಿದ್ದು ಅಳಿಯದು. ಆದುದರಿಂದ ಅಲೆಯು ಧನಋಣಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. 'ಯಾವುದಾದರೂ' ಎಂಬರ್ಥದ ಇಂಗ್ಲಿಷ್ ಮಾತಿನಿಂದ ವಿಲ್ಚೆಕ್ 1982ರಲ್ಲಿ 'ಎನಿಯಾನ್' ಎಂದು ಕರೆದರು. ತುಂಟ ಹೆಸರು!

2020ರಲ್ಲಿ ಪ್ಯಾರಿಸ್ಸಿನಲ್ಲಿ, ಅತಿಶೀತಲ ಗ್ಯಾಲಿಯಂ ಆರ್ಸೆನೈಡಿನೊಳಗೆ, ಎಲೆಕ್ಟ್ರಾನಿನ ವಿದ್ಯುದಂಶದ ಮೂರರಲ್ಲೊಂದು ಪಾಲು ಹೊತ್ತ ಎನಿಯಾನುಗಳ ಕುರುಹು ದೊರೆಯಿತು.