ಮೆಟ್ರೋ ಬರೋದು ಏರ್‌ಪೋರ್ಟ್‌ಗೆ, ದೇವನಹಳ್ಳಿಗಲ್ಲ: ಹಾಗಾದ್ರೆ ನಮ್ಮೂರಿಗೇನು ಲಾಭ?

ದೇವನಹಳ್ಳಿ: 'ಮೆಟ್ರೋ ಬಂದ್ರೆ ಊರು ಬದಲಾಗುತ್ತೆ, ವ್ಯಾಪಾರ ಕುದುರುತ್ತೆ' ಅನ್ನೋ ಮಾತು ಪಟ್ಟಣದಲ್ಲಿ ಜೋರಾಗಿದೆ. ಆದರೆ ನೀಲಿ ಮಾರ್ಗದ ನಕ್ಷೆ ನೋಡಿದರೆ ಮೆಟ್ರೋ ವಿಮಾನ ನಿಲ್ದಾಣದ ಟರ್ಮಿನಲ್‌ನಲ್ಲೇ ಮುಗಿಯುತ್ತೆ. ಅಲ್ಲಿಂದ ಕೆಲವೇ ಕಿ.ಮೀ. ದೂರದಲ್ಲಿರೋ ನಮ್ಮ ಪಟ್ಟಣಕ್ಕೆ ಬರಲ್ಲ.

ಮಾರ್ಗ ಯಾವುದು?

ಈ ಯೋಜನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದ್ದು 2021ರ ಏಪ್ರಿಲ್‌ನಲ್ಲಿ. ಉದ್ದ ಸುಮಾರು 58 ಕಿ.ಮೀ., ಅಂದಾಜು ವೆಚ್ಚ 14,788 ಕೋಟಿ ರೂ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರ, ಹೆಬ್ಬಾಳ, ಯಲಹಂಕ, ದೊಡ್ಡಜಾಲ ದಾಟಿ ಏರ್‌ಪೋರ್ಟ್ ಸಿಟಿ, ಆಮೇಲೆ ಟರ್ಮಿನಲ್. ಬೆಂಗಳೂರಿನ ಪ್ರಯಾಣಿಕರು ವಿಮಾನ ಹಿಡಿಯೋಕೆ ಅನುಕೂಲ ಆಗ್ಲಿ ಅಂತ ಮಾಡಿದ ಮಾರ್ಗ ಇದು.

ನಮ್ಮೂರಿಗೆ ಬರೋದು ಬೇರೆ ರೈಲು

ಉಪನಗರ ರೈಲಿನ 'ಸಂಪಿಗೆ' ಮಾರ್ಗ ಮೆಜೆಸ್ಟಿಕ್ ರೈಲು ನಿಲ್ದಾಣದಿಂದ ದೇವನಹಳ್ಳಿವರೆಗೆ ಬರಬೇಕು. ಉದ್ದ ಸುಮಾರು 41 ಕಿ.ಮೀ. ಇದನ್ನು ಕಟ್ಟಬೇಕಾದ್ದು ಮೆಟ್ರೋ ನಿಗಮ ಅಲ್ಲ, ಕೆ-ರೈಡ್ ಸಂಸ್ಥೆ. ಆದರೆ ನಾಲ್ಕು ಮಾರ್ಗಗಳಲ್ಲಿ ಕೆಲಸ ಮೊದಲು ಶುರುವಾಗಿದ್ದು 'ಮಲ್ಲಿಗೆ' ಮತ್ತು 'ಕನಕ' ಮಾರ್ಗದಲ್ಲಿ. ನಮ್ಮ ಸಂಪಿಗೆ ಹಿಂದೆ ಬಿತ್ತು.

ಹಾಲ್ಟ್ ಸ್ಟೇಷನ್ ಕಲಿಸಿದ ಪಾಠ

2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ರೈಲ್ವೆ ಹಾಲ್ಟ್ ಶುರುವಾಯ್ತು. ನಿಲ್ಲೋ ರೈಲು ಕಡಿಮೆ, ಇಳಿದ ಮೇಲೆ ಟರ್ಮಿನಲ್‌ಗೆ ಇನ್ನೊಂದು ಬಸ್ ಹತ್ತಬೇಕು. ಹಾಗಾಗಿ ಜನ ಅದಕ್ಕೆ ಒಗ್ಗಿಕೊಳ್ಳಲಿಲ್ಲ. ಸ್ಟೇಷನ್ ಕಟ್ಟಿದರೆ ಸಾಲದು, ಅಲ್ಲಿಂದ ಮನೆಗೆ ಹೋಗೋಕೆ ಸರಿಯಾದ ಹೊತ್ತಿಗೆ ಬಸ್ ಇರಬೇಕು.

ಹಾಗಾದ್ರೆ ನಾವು ಕೇಳಬೇಕಾದ್ದೇನು?

* ಮೆಟ್ರೋ ಓಡೋ ಮೊದಲ ದಿನದಿಂದಲೇ ಏರ್‌ಪೋರ್ಟ್ ಸಿಟಿ ಸ್ಟೇಷನ್‌ನಿಂದ ದೇವನಹಳ್ಳಿ ಬಸ್ ನಿಲ್ದಾಣಕ್ಕೆ ಫೀಡರ್ ಬಸ್.
* ಅದು ಎಸಿ ಇಲ್ಲದ ಸಾಮಾನ್ಯ ಬಸ್ ಆಗಿರಬೇಕು. ಶಕ್ತಿ ಯೋಜನೆ ಎಸಿ ಬಸ್‌ಗೆ ಇಲ್ಲ. ವಿಮಾನ ನಿಲ್ದಾಣದಲ್ಲಿ ಹೌಸ್‌ಕೀಪಿಂಗ್ ಮಾಡೋ ನಮ್ಮೂರಿನ ಹೆಣ್ಣುಮಕ್ಕಳಿಗೆ ತಿಂಗಳ ಬಸ್ ಖರ್ಚು ಉಳಿಯೋದು ಸಾಮಾನ್ಯ ಬಸ್ ಇದ್ದರೆ ಮಾತ್ರ.
* ವಿಮಾನ ನಿಲ್ದಾಣ 24 ಗಂಟೆ ನಡೆಯುತ್ತೆ, ಮೆಟ್ರೋ ರಾತ್ರಿ ನಿಲ್ಲುತ್ತೆ. ನೈಟ್ ಶಿಫ್ಟ್‌ನವರಿಗೆ ಬೇರೆ ಬಸ್ ಬೇಕು.
* ಪಟ್ಟಣದೊಳಗೆ ಫುಟ್‌ಪಾತ್, ಚರಂಡಿ, ಬೀದಿದೀಪ. ಕೋಟೆ ನೋಡೋಕೆ ಬರೋರು ನಡೆದು ಬಂದರೆ ತಾನೇ ಅಂಗಡಿಗೂ ಹೆಜ್ಜೆ ಇಡೋದು?

ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಜಾಗ ಹೋಗಿದ್ದು ಈ ಭಾಗದ ಹಳ್ಳಿಗಳದ್ದು. ಅಷ್ಟು ಭೂಮಿ ಕೊಟ್ಟ ತಾಲ್ಲೂಕು ಒಂದು ಬಸ್ ಕೇಳೋದು ದೊಡ್ಡ ಬೇಡಿಕೆ ಏನಲ್ಲ. ಆದರೆ ಮೆಟ್ರೋ ಉದ್ಘಾಟನೆ ಆದ ಮೇಲೆ ಕೇಳಿದರೆ ತಡ ಆಗುತ್ತೆ. ಮುಂದಿನ ಸಲ ಶಾಸಕರೋ ಅಧಿಕಾರಿಗಳೋ ಸಿಕ್ಕಾಗ 'ಮೆಟ್ರೋ ಯಾವಾಗ?' ಅನ್ನೋದರ ಜೊತೆ 'ನಮ್ಮೂರಿಗೆ ಬಸ್ ಎಷ್ಟು, ಸಂಪಿಗೆ ಯಾವಾಗ?' ಅಂತಾನೂ ಕೇಳಿ.