ನಂಜುಂಡನ ಊರಿನ ಸದ್ವೈದ್ಯಶಾಲೆ

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟು, 1735ರಲ್ಲಿ ದಳವಾಯಿ ದೇವರಾಜನು ಕಪಿಲೆಗೆ ಕಟ್ಟಿಸಿದ ಸೇತುವೆಯನ್ನು ಕಂಡು ನಂಜನಗೂಡನ್ನು ಸೇರುವ ಯಾತ್ರಿಕನು ಬರುವುದು ಶ್ರೀಕಂಠೇಶ್ವರನ ದರ್ಶನಕ್ಕಾಗಿಯೇ ಆದರೂ, ಆ ಊರಿನ ಹೆಸರನ್ನು ಕನ್ನಡನಾಡಿನ ಬಚ್ಚಲುಮನೆಗಳಿಗೆ ಒಯ್ದದ್ದು ಒಂದು ಹಲ್ಲುಪುಡಿ. ನಂಜುಂಡನು ರೋಗನಿವಾರಕನೆಂಬುದು ಲೋಕಪ್ರತೀತಿ. ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿಯ ಪ್ರಾರ್ಥನೆಯಿಂದ ವಾಸಿಯಾಯಿತೆಂದು ಟೀಪೂ ಸುಲ್ತಾನನು ಆತನನ್ನು ಹಕೀಂ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದ ಕಥೆಯನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಅಂಥ ದೇವವೈದ್ಯನ ಸನ್ನಿಧಿಯಲ್ಲಿ ಆಯುರ್ವೇದ ವಿಶಾರದರಾದ ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು.

ಆ ಸಾಹಸದ ಪ್ರಮಾಣವು ಇಂದು ನಮಗೆ ಸುಲಭವಾಗಿ ಹೊಳೆಯದು. ಅಂದು ವೈದ್ಯನೆಂದರೆ ನಾಡಿ ಹಿಡಿದು, ರೋಗಿಯ ಪ್ರಕೃತಿಯನ್ನರಿತು, ತನ್ನ ಮನೆಯ ಕಲ್ಬತ್ತಿನಲ್ಲಿ ಅರೆದ ಔಷಧವನ್ನು ಜೇನುತುಪ್ಪದ ಅನುಪಾನದೊಡನೆ ಕೈಯಾರೆ ಕೊಡುವವನು. ಕೊಟ್ಟವರ ಮೇಲಣ ವಿಶ್ವಾಸವೇ ಮದ್ದಿನ ಅರ್ಧಬಲ. ಅದನ್ನೇ ಪೊಟ್ಟಣ ಕಟ್ಟಿ, ತನ್ನನ್ನು ಕಂಡೇ ಇಲ್ಲದವನ ಊರಿನ ಅಂಗಡಿಗೆ ಕಳುಹಿಸುವುದೆಂದರೆ, ಕಾಗದದ ಮೇಲೆ ಅಚ್ಚಾದ ಹೆಸರೊಂದನ್ನೇ ನಂಬಿ ಕಾಸು ಬಿಚ್ಚೆಂದು ಅಪರಿಚಿತನನ್ನು ಕೇಳಿದಂತೆ. ಸರಕು ಕೆಟ್ಟರೆ ಹಣದೊಡನೆ ವೈದ್ಯನ ಹೆಸರೂ ಮುಳುಗುವ ವ್ಯಾಪಾರವಿದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ವರ್ಷದಲ್ಲಿಯೇ ಮೈಸೂರು ಬ್ಯಾಂಕು ಹುಟ್ಟಿತು, ನಿಜ. ಸಂಸ್ಥಾನದಲ್ಲೆಲ್ಲ ಉದ್ಯಮದ ಗಾಳಿ ಬೀಸುತ್ತಿತ್ತು. ಆದರೆ ಬ್ಯಾಂಕಿನ ಬೆನ್ನಿಗೆ ಸರಕಾರವಿತ್ತು. ಪಂಡಿತರ ಬೆನ್ನಿಗಿದ್ದುದು ಶಾಸ್ತ್ರಜ್ಞಾನ.

ಹಲ್ಲುಪುಡಿಗೆ ಅವರು ಆಯ್ದ ಮೂಲದ್ರವ್ಯವನ್ನು ನೋಡಿರಿ: ಭತ್ತದ ಹೊಟ್ಟು! ಕಪಿಲೆಯ ನಾಲೆಗಳ ಕೆಳಗಿನ ಗದ್ದೆಗಳಿಂದ ಹಿಡಿದು, ಆಕೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದವರೆಗೂ ಹಬ್ಬಿದ ಭತ್ತದ ಸೀಮೆಯಲ್ಲಿ ಅದಕ್ಕಿಂತ ಅಗ್ಗವಾದ ವಸ್ತುವನ್ನು ಹುಡುಕುವುದು ಕಷ್ಟ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ನುಣ್ಣಗಾದರೆ ಹಲ್ಲಿನ ಕೊಳೆಯನ್ನು ತೆಗೆಯುವುದು, ತರಿಯುಳಿದರೆ ಹಲ್ಲನ್ನೇ ಸವೆಸುವುದು. ಇದ್ದಿಲು, ಉಪ್ಪು, ಬೇವಿನ ಕಡ್ಡಿಗಳು ಬಿಟ್ಟಿಯಾಗಿಯೇ ದೊರೆಯುತ್ತಿದ್ದ ಜನರಿಗೆ ಹೊಟ್ಟಿನಿಂದಾದ ಪುಡಿಯನ್ನು ಮಾರಹೊರಟವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಎಡ ಅಂಗೈಗೆ ಸುರಿದುಕೊಂಡ ಆ ನಸುಗೆಂಪು ಪುಡಿಯನ್ನು ಬಲಗೈಯ ತೋರುಬೆರಳು ಮುಟ್ಟಿ ಮುಟ್ಟಿ ಒಯ್ಯುವುದು, ತುಟಿಯಂಚು ಕೆಂಪಾಗುವುದು, ಮಕ್ಕಳು ಉಗುಳಿದ ನೀರಿನ ಬಣ್ಣವನ್ನು ನೋಡುತ್ತ ನಿಲ್ಲುವುದು ನಮ್ಮ ಎಷ್ಟೋ ಮನೆಗಳ ಪ್ರಾತಃಕಾಲದ ನೋಟವಾಗಿದ್ದಿತು. ಬಳಿಕ ಬ್ರಷ್ಷೂ ಪೇಸ್ಟೂ ಬಂದು ಆ ಬೆರಳಿನ ಕೆಲಸವನ್ನು ಕಸಿದವು. ಊರಿನ ಕೈಗಾರಿಕಾ ಪ್ರದೇಶದಲ್ಲಿ ನೆಸ್ಲೆಯಂತಹ ಪರದೇಶದ ಸಂಸ್ಥೆಯೇ ಬಂದು ನೆಲೆಸಿತು. ಸದ್ವೈದ್ಯಶಾಲೆಯು ಮಾತ್ರ ಶತಮಾನವನ್ನು ದಾಟಿ, ನಂಜನಗೂಡಿನಲ್ಲಿಯೇ ನಿಂತು ಹಲ್ಲುಪುಡಿಯೊಡನೆ ಇತರ ಆಯುರ್ವೇದೌಷಧಗಳನ್ನೂ ತಯಾರಿಸುತ್ತ ಬಂದಿದೆ. ಬಂಡವಾಳಕ್ಕಾಗಿ ದೊಡ್ಡ ನಗರಗಳತ್ತಲೇ ನೋಡುವ ನಮ್ಮ ತರುಣರು, ನಂಜುಂಡನ ದರ್ಶನಕ್ಕೆ ಹೋದಾಗ ಈ ಶಾಲೆಯ ಬಾಗಿಲಿಗೂ ಹೋಗಿ, ಹೊಟ್ಟು ಹಣವಾದ ಬಗೆಯನ್ನು ಕೇಳಿ ತಿಳಿಯತಕ್ಕದ್ದು.