ಪನ್ನೀರು ದ್ರಾಕ್ಷಿಯ ಬೆಣ್ಣೆ

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ದ್ರಾಕ್ಷಿಗೆ ಇಂಥದೇ ಕಾಲ ಎಂಬುದಿಲ್ಲ; ಒಂದು ತೋಟದಲ್ಲಿ ಮುಗಿಯಿತೆನ್ನುವಾಗ ಇನ್ನೊಂದರಲ್ಲಿ ಕೊಯ್ಲು ಶುರು. ಅಲ್ಲಿನ ಪನ್ನೀರು ದ್ರಾಕ್ಷಿಗೆ, ಅಂದರೆ ಮಸ್ಕಟ್ ಹ್ಯಾಂಬರ್ಗ್ ತಳಿಗೆ, 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡ ಒಕ್ಕಲಿಗರ ಊರೂ ಕಂಬಂ. ಅವರ ನಂದಗೋಪಾಲನ ಸನ್ನಿಧಿಯಲ್ಲಿ ದನಗಳಿಗೇ ಪೂಜೆ. ಮಾಟ್ಟು ಪೊಂಗಲ್ ದಿನ ಅಲ್ಲಿ ಜನವೋ ಜನ. ದನವನ್ನೂ ದ್ರಾಕ್ಷಿಯನ್ನೂ ಹೀಗೆ ಸಾಕಿದ ಊರಿನ ಹಣ್ಣು ಬೆಣ್ಣೆಗೆ ಬಿದ್ದರೆ ಎಷ್ಟು ಚೆನ್ನ!

ಅಡ್ಡಿ ಇರುವುದು ನೀರಿನದು. ಬೆಣ್ಣೆಯಲ್ಲಿ ಶೇ 80ರಷ್ಟು ಕೊಬ್ಬು, ದ್ರಾಕ್ಷಿಯಲ್ಲಿ ಸುಮಾರು ಅಷ್ಟೇ ನೀರು. ಹಸಿ ರಸ ಸುರಿದರೆ ಬೆಣ್ಣೆ ಒಂದು ಕಡೆ, ರಸ ಒಂದು ಕಡೆ. ಪಕ್ಕದ ದಿಂಡಿಗಲ್ ಜಿಲ್ಲೆಯ ಪಳನಿಯಲ್ಲಿ ಇದನ್ನು ಹಿಂದೆಯೇ ಅರಿತಿದ್ದರು. 2019ರಲ್ಲಿ ಜಿಐ ಪಡೆದ ಅಲ್ಲಿನ ಪಂಚಾಮೃತಕ್ಕೆ ಬೆಟ್ಟದ ವಿರೂಪಾಕ್ಷಿ ಬಾಳೆ, ಬೆಲ್ಲ, ತುಪ್ಪ, ಜೇನು, ಏಲಕ್ಕಿ ಬೀಳುತ್ತವೆ. ನೀರು ಒಂದು ಹನಿಯೂ ಇಲ್ಲ.

ಕೆನೆಗೆ ಹೆಪ್ಪು ಹಾಕಿ, ಮರುದಿನ ತಂಪು ಹೊತ್ತಿನಲ್ಲಿ ಕಡೆಯಿರಿ. ಬಂದ ಬೆಣ್ಣೆಯನ್ನು ತಣ್ಣೀರಿನಲ್ಲಿ, ನೀರು ತಿಳಿಯಾಗುವ ತನಕ ತೊಳೆದು ಚೆನ್ನಾಗಿ ಒತ್ತಿ ಹಿಂಡಬೇಕು. ಮಜ್ಜಿಗೆ ಉಳಿದರೆ ಬೆಣ್ಣೆ ಬೇಗ ಹುಳಿಯುತ್ತದೆ.

ನೂರು ಗ್ರಾಂ ಬೆಣ್ಣೆಗೆ ಕಾಲು ಕಿಲೋ ದ್ರಾಕ್ಷಿ ಸಾಕು. ನೀರು ಸೇರಿಸದೆ ಅಗಲ ಬಾಣಲೆಯಲ್ಲಿ ಬೇಯಿಸಿ, ಸಿಪ್ಪೆ ಒಡೆದ ಮೇಲೆ ಜರಡಿಯಲ್ಲಿ ಉಜ್ಜಿ ಸೋಸಿ. ಮಿಕ್ಸಿಗೆ ಹಾಕಬೇಡಿ, ಬೀಜ ಅರೆದರೆ ಕಹಿ. ಸಿಪ್ಪೆಯನ್ನು ಮೊದಲೇ ಸುಲಿದು ಬಿಸಾಡಲೂಬೇಡಿ, ಆ ಕೆನ್ನೇರಳೆ ಬಣ್ಣವೆಲ್ಲ ಅದರದೇ. ಸೋಸಿದ್ದನ್ನು ಮತ್ತೆ ಬಾಣಲೆಗಿಟ್ಟು, ಚಮಚದಿಂದ ಗೆರೆ ಎಳೆದರೆ ಮುಚ್ಚಿಕೊಳ್ಳದಷ್ಟು ಗಟ್ಟಿ ಮಾಡಿ. ಬಾಣಲೆ ಅಗಲವಿರಲಿ ಎಂದದ್ದು ಇದಕ್ಕೇ: ಹೊತ್ತು ಹೆಚ್ಚಾದಷ್ಟೂ ಪನ್ನೀರಿನ ಆ ಪರಿಮಳ ಆವಿಯ ಜೊತೆ ಹೊರಟುಹೋಗುತ್ತದೆ. ಎಸೆನ್ಸ್ ಸುರಿದು ಅದನ್ನು ಮರಳಿ ತರಲಾಗದು.

ಪೂರ್ತಿ ಆರಿದ ಮೇಲೆಯೇ ಮೆತ್ತಗಾದ ಬೆಣ್ಣೆಗೆ ಒಂದೊಂದೇ ಚಮಚ ಬೆರೆಸಿ, ಪ್ರತಿ ಸಲ ಚೆನ್ನಾಗಿ ನಾದಿ. ಚಿಟಿಕೆ ಉಪ್ಪು ಹಾಕಿದರೆ ಹಣ್ಣಿನ ಸಿಹಿ ಎದ್ದು ಕಾಣುತ್ತದೆ. ದ್ರಾಕ್ಷಿಯ ಬದಲು ದಿಂಡಿಗಲ್ ಜಿಲ್ಲೆಯದೇ ಆದ ಸಿರುಮಲೆ ಬೆಟ್ಟದ ಬಾಳೆ ಸಿಕ್ಕರೆ ಇನ್ನೂ ಸುಲಭ: ತಿರುಳು ಗಟ್ಟಿ, ಕಿವುಚಿ ನಿಂಬೆರಸ ಸವರಿ ಸ್ವಲ್ಪ ಬಾಡಿಸಿದರಾಯಿತು. ಏಲಕ್ಕಿ ಮರೆಯಬೇಡಿ.

ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಬಿಸಿ ರಾಗಿ ರೊಟ್ಟಿಗೆ ಹಾಕಿಕೊಳ್ಳುವುದಾದರೆ ಅಷ್ಟು ದಿನ ಉಳಿಯುವುದೂ ಕಷ್ಟ.